ಹೆಸರು ಕೇಳುತ್ತ ಹೋದ ನಾಲ್ಕು ದಿನ

ಬಳ್ಳಾರಿ ಜಾಲಿಯನ್ನು ನೋಡದ ಕನ್ನಡಿಗರು ಇರಲಿಕ್ಕಿಲ್ಲ. ರೈಲು ಹಳಿಯ ಬದಿ, ಕೆರೆಯಂಗಳ, ಬೀಳುಬಿದ್ದ ಹೊಲ, ಹಾಳು ಗುಡಿಯ ಹಿತ್ತಿಲು, ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಅದರದೇ ದರ್ಬಾರು. ಹೆಸರಿಗೆ ಬಳ್ಳಾರಿಯದಾದರೂ ಅದರ ತವರು ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳ ಕಡೆ. ಬಳ್ಳಾರಿ ಸೀಮೆಯನ್ನು 1876ರಿಂದ 78ರವರೆಗೆ ಭೀಕರ ಬರ ಸುಟ್ಟುಹಾಕಿತು. ಅದೇ ಕಾಲದಲ್ಲಿ, 1877ರಲ್ಲಿ, ಕಡಪ ಜಿಲ್ಲೆಯಲ್ಲಿ ಜಮೈಕಾದಿಂದ ತರಿಸಿದ ಇದರ ಬೀಜವನ್ನು ಬಿತ್ತಿದರು. ಒಲೆಗೆ ಸೌದೆಯಾಯಿತು, ಇದ್ದಿಲಾಯಿತು, ಹೊಲಕ್ಕೆ ಬೇಲಿಯಾಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವ ಗಾದೆ ಈ ಗಿಡದ ಮಟ್ಟಿಗೆ ಅಕ್ಷರಶಃ ನಿಜ.

ಕಳೆದ ಜುಲೈನಲ್ಲಿ ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಬಳ್ಳಾರಿಯ ಸ್ವಂತ ಗಿಡಗಳು ಯಾವುವು ಮೇಡಂ?" ಎಂದು ಕೇಳಿದಳು. ಬನ್ನಿ, ತಂಗಡಿ, ಎಕ್ಕ, ಕಗ್ಗಲಿ ಎಂದೆ. ಅಲ್ಲಿಗೆ ನನ್ನ ಮಾತು ನಿಂತಿತು. ಇನ್ನೂ ಮೂವತ್ತು ಗಿಡಗಳ ಲ್ಯಾಟಿನ್ ಹೆಸರು ಬಾಯಲ್ಲಿತ್ತು. ಆ ನೆಲದವರು ಅವನ್ನು ಏನೆಂದು ಕರೆಯುತ್ತಾರೆ ಎನ್ನುವುದು ತಿಳಿದಿರಲಿಲ್ಲ. ಆ ಹುಡುಗಿಯ ಪ್ರಶ್ನೆ ಮೂರು ತಿಂಗಳು ನನ್ನನ್ನು ಬಿಡಲಿಲ್ಲ. ದಸರೆ ರಜೆ ಬಂತು. ಕನ್ನಡ ಪಾಠ ಮಾಡುವ ಗೆಳತಿ ತನ್ನ ಕಾರು ತೆಗೆದಳು. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ಸಂಡೂರಿನಲ್ಲಿ ನೆಲೆಸಿರುವ ಸೋದರಮಾವನಿಗೆ ಫೋನ್ ಮಾಡಿದೆ. "ಬಾರವ್ವ, ಕಾಲಿದ್ದಷ್ಟು ನಡೆಸುತ್ತೇನೆ" ಎಂದರು.

ಮೊದಲ ದಿನ: ಸಂಡೂರು

ವಿಜಯದಶಮಿಯ ಮರುದಿನ ಬೆಳಿಗ್ಗೆ ಹೊಸಪೇಟೆ ಬಿಟ್ಟೆವು. ಹಿಂದಿನ ಸಂಜೆ ಹಿರಿಯರು ಕೊಟ್ಟ ಬನ್ನಿ ಎಲೆಗಳು ಇನ್ನೂ ನನ್ನ ಪರ್ಸಿನಲ್ಲೇ ಇದ್ದವು. ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ಒಂದು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ರಸ್ತೆಯ ಎರಡೂ ಬದಿಯ ಗಿಡಗಳಿಗೆ ಹಸಿರೆಂಬ ಬಣ್ಣವೇ ಇರಲಿಲ್ಲ. ಎಲೆ, ಕಾಂಡ, ಮೈಲಿಗಲ್ಲು, ಗೂಡಂಗಡಿಯ ತಗಡು, ಎಲ್ಲದರ ಮೇಲೂ ಒಂದೇ ಕೆಂಪು. ನಂತರ ದಾರಿ ಕಣಿವೆಗೆ ಇಳಿದು ಭೀಮಗಂಡಿಯ ಬಳಿ ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದಾಗ ಆ ಕೆಂಪು ತಿಳಿಯಾಯಿತು. ಮಳೆಯಲ್ಲಿ ಮಿಂದ ಗುಡ್ಡಗಳು ತುಂಬಿಕೊಂಡು ನಿಂತಿದ್ದವು. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. "ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ" ಎಂದು ಅವರು ಹೇಳಿದ್ದರೆಂದು ಊರಿನವರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ಸೆಪ್ಟೆಂಬರ್ ಮುಗಿದು ಮೂರು ದಿನವಷ್ಟೇ ಆಗಿತ್ತು.

ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಮಂಡಕ್ಕಿಗೆ ಹುರಿಗಡಲೆ ಪುಡಿ ಧಾರಾಳವಾಗಿ ಬಿದ್ದಿತ್ತು, ಮೇಲೆ ನಿಂಬೆಹಣ್ಣಿನ ಹುಳಿ. ಮಾವ ನಮ್ಮ ಚಪ್ಪಲಿಗಳನ್ನು ನೋಡಿ ತಲೆಯಾಡಿಸಿದರು. ದಪ್ಪ ಅಟ್ಟೆಯ ಬೂಟು, ಒರಟು ಬಟ್ಟೆಯ ಪ್ಯಾಂಟು, ಒಂದು ಕೋಲು, ತಲಾ ಎರಡು ಲೀಟರ್ ನೀರು ಇಲ್ಲದೆ ತಾನು ಗುಡ್ಡಕ್ಕೆ ಕರೆದೊಯ್ಯುವುದಿಲ್ಲ ಎಂದರು. ಬೂಟುಗಳು ಕಾರಿನಲ್ಲಿದ್ದವು, ಕೋಲುಗಳನ್ನು ಅವರೇ ಕಡಿದಿಟ್ಟಿದ್ದರು.

ಅವರು ಮೊದಲು ಕರೆದೊಯ್ದದ್ದು ಕಾಡಿಗಲ್ಲ, ಊರಂಚಿನ ಒಂದು ಹೊಲಕ್ಕೆ. ಬದುವಿನ ಮೇಲೆ ಹಳೆಯ ಬನ್ನಿ ಮರವಿತ್ತು. ಬೊಡ್ಡೆಗೆ ಹಿಂದಿನ ದಿನದ ಅರಿಶಿನ ಕುಂಕುಮ, ಬುಡದಲ್ಲಿ ಒಡೆದ ತೆಂಗಿನಕಾಯಿಯ ಚೂರು. ಕೈಗೆಟಕುವ ಟೊಂಗೆಗಳೆಲ್ಲ ಬೋಳಾಗಿದ್ದವು. ಇಡೀ ಊರು ಎಲೆ ಕಿತ್ತು ಹಂಚಿ, "ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ" ಎಂದುಕೊಂಡಿತ್ತು. ಬನ್ನಿಯಿಂದ ಹತ್ತು ಹೆಜ್ಜೆಯಾಚೆಗೆ ಬಳ್ಳಾರಿ ಜಾಲಿಯ ಮೆಳೆ.

ಮಾವ ಎರಡರಿಂದಲೂ ಗೇಣುದ್ದದ ಒಂದೊಂದು ಕಡ್ಡಿ ಮುರಿದು ನನ್ನ ಅಂಗೈ ಮೇಲಿಟ್ಟರು. ಸಸ್ಯಶಾಸ್ತ್ರಜ್ಞರು ಬಹುಕಾಲ ಒಂದೇ ಕುಲದಲ್ಲಿಟ್ಟಿದ್ದ ಗಿಡಗಳು ಇವು. ಆದರೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿದ್ದು ಉದ್ದವಾಗಿ, ನೆಟ್ಟಗೆ, ಹೆಚ್ಚಾಗಿ ಜೋಡಿಯಾಗಿ ಬರುತ್ತದೆ. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ. ಗೆಣ್ಣು ಗೆಣ್ಣಿನ ನಡುವೆ ಎಲ್ಲೆಂದರಲ್ಲಿ ಚದುರಿಕೊಂಡಿರುತ್ತದೆ. ಜಾಲಿಯ ಕಾಯಿ ಚಪ್ಪಟೆಯಾಗಿ ದಪ್ಪ, ಹಣ್ಣಾದಾಗ ಹಳದಿ. ಬನ್ನಿಯದು ತೆಳ್ಳಗೆ, ದಾರದಂತೆ ಜೋತಾಡುತ್ತದೆ. "ಬನ್ನಿಯ ನೆರಳಿನಲ್ಲಿ ಜೋಳ ಬೆಳೆಯುತ್ತದೆ. ಜಾಲಿಯ ನೆರಳಿನಲ್ಲಿ ಹುಲ್ಲೂ ಏಳುವುದಿಲ್ಲ. ಆಡು ಕುರಿ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತವೆ. ಕಡಿದರೆ ಬೊಡ್ಡೆಯಿಂದ ನಾಲ್ಕಾಗಿ ಚಿಗುರುತ್ತದೆ. ನಾನು ಮೂವತ್ತು ವರ್ಷ ಇದರ ಜೊತೆ ಗುದ್ದಾಡಿದವನು" ಎಂದರು ಮಾವ. ಆದರೂ ಅದನ್ನು ಬೈಯಲಿಲ್ಲ. ಅದರ ಸೌದೆಯಿಂದಲೇ ಒಲೆ ಹೊತ್ತಿಸುವ ಮನೆಗಳು ಎಷ್ಟಿವೆ ಎಂದು ಅವರಿಗೆ ಗೊತ್ತು.

ಸಂಜೆ ನಾರಿಹಳ್ಳದ ಜಲಾಶಯದ ಕಡೆ ನಡೆದೆವು. ಬೇಲಿಯ ಮೇಲೆ ಅಗ್ನಿಶಿಖೆ ಹಬ್ಬಿತ್ತು. ಹೂವಿನ ಕಾಲ ಮುಗಿಯುತ್ತ ಬಂದಿದ್ದರೂ ನಾಲ್ಕೈದು ಹೂ ಉಳಿದಿದ್ದವು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚು ಅಲೆಯಲೆಯಾಗಿ ಮೇಲಕ್ಕೆ ತಿರುಗಿದ ದಳಗಳು. ನನ್ನ ಗೆಳತಿ ಮೆಚ್ಚಿದ್ದು ಹೂವನ್ನಲ್ಲ, ಎಲೆಯನ್ನು. ಪ್ರತಿ ಎಲೆಯ ತುದಿಯೂ ಸಣ್ಣ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ. ಬಳ್ಳಿಗೆ ಬೇರೆ ಕೈಯೇ ಬೇಡ. ಇದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದೇ ಔಷಧವೂ ಹೌದು. ಆ ಕಾರಣಕ್ಕೇ ಕಾಡಿನ ಗೆಡ್ಡೆಗಳನ್ನು ಅಗೆದು ಮಾರುತ್ತಾರೆ. ನೇಗಿಲಿನಂತೆ ಬಾಗಿದ ಗೆಡ್ಡೆಯನ್ನು ಒಂದು ಸಲ ಅಗೆದರೆ ಆ ಬೇಲಿಯಲ್ಲಿ ಮುಂದಿನ ಮಳೆಗೆ ಬಳ್ಳಿಯಿಲ್ಲ. ಮಾವ ನಮಗೆ ಮುಟ್ಟಲೂ ಬಿಡಲಿಲ್ಲ. ಎಲೆಯ ಮೇಲ್ಭಾಗ, ಕೆಳಭಾಗ, ಕಾಂಡ, ಕಾಯಿ ಎಲ್ಲದರ ಫೋಟೊ ತೆಗೆಯಲು ಹೇಳಿದರು. ಬರೀ ಹೂವಿನ ಫೋಟೊ ಹಿಡಿದು ಬಂದವರಿಗೆ ಗಿಡದ ಗುರುತು ಹೇಳುವುದು ಕಷ್ಟ ಎನ್ನುವುದು ಅವರ ಅನುಭವ.

ಎರಡನೆಯ ದಿನ: ಕುಮಾರಸ್ವಾಮಿ ಬೆಟ್ಟ, ದರೋಜಿ

ಇನ್ನೂ ಬೆಳಕು ಹರಿಯುವ ಮುನ್ನ ಹೊರಟೆವು. ಕಾಡಿನೊಳಗೆ ಕಾಲಿಡುವುದಕ್ಕೆ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಂಡಿರಬೇಕು. ಮಾವ ಎರಡು ದಿನ ಮುಂಚೆಯೇ ಹೋಗಿ ಬಂದಿದ್ದರು. ಮಂಜು ಕಣಿವೆಯಲ್ಲಿ ಹಾಲು ಚೆಲ್ಲಿದಂತಿತ್ತು. ಪಾರ್ವತಿ ಗುಡಿಯಲ್ಲಿ ಕೈಮುಗಿದು ಹೊರಬಂದಾಗ ಬಿಸಿಲು ಗುಡ್ಡದ ನೆತ್ತಿಗೆ ತಾಗಿತ್ತು.

ಇಲ್ಲಿಂದ ನನ್ನ ನೋಟ್‌ಬುಕ್ಕಿನಲ್ಲಿ ಹೆಸರುಗಳು ತುಂಬತೊಡಗಿದವು. ಮಾವ ಕೋಲಿನಿಂದ ತೋರಿಸುತ್ತ ಹೋದರು: ಇದು ದಿಂಡಿಗ, ಇದರ ಅಂಟು ಮಾರುತ್ತಿದ್ದರು. ಇದು ತುಗ್ಗಲಿ, ಎಲೆ ಒಣಗಿಸಿ ಪುಡಿಮಾಡಿ ತಲೆಗೆ ಹಾಕಿಕೊಂಡು ಮೀಯುತ್ತಿದ್ದೆವು. ಇದು ಹುರಗಲು, ಎಲೆ ತಿಕ್ಕಿ ಮೂಸಿ ನೋಡು. ಇದು ಕಗ್ಗಲಿ, ಇದರ ಚೇಗು ಕುದಿಸಿದರೆ ಎಲೆಯಡಿಕೆಗೆ ಹಾಕುವ ಕಾಚು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕೆಲಸ. ಕೆಲಸ ನಿಂತ ಮೇಲೆ ಹೆಸರೂ ಮರೆಯಾಗುತ್ತದೆ ಎಂದು ನನಗೆ ಹೊಳೆದದ್ದು ಆ ಇಳಿಜಾರಿನಲ್ಲಿ. ಮಾವನ ಮೊಮ್ಮಕ್ಕಳು ಶಾಂಪೂ ಹಾಕಿಕೊಳ್ಳುತ್ತಾರೆ. ಅವರಿಗೆ ತುಗ್ಗಲಿ ಬರೀ ಒಂದು ಮರ.

ಬಯಲು ಹುಲ್ಲಿನ ನಡುವೆ ಹೋಗುವಾಗ ನಮ್ಮ ಕಾಲುಚೀಲಗಳಿಗೆ ಸೂಜಿ ಹುಲ್ಲಿನ ಬೀಜಗಳು ನೂರಾರು ಚುಚ್ಚಿಕೊಂಡವು. ಕುಳಿತು ಒಂದೊಂದನ್ನೇ ಕೀಳುತ್ತಿದ್ದಾಗ ಮಾವ ಒಂದು ಬೀಜವನ್ನು ಗೆಳತಿಯ ಅಂಗೈ ಮೇಲಿಟ್ಟು, ಬಾಟಲಿಯಿಂದ ಒಂದು ಹನಿ ನೀರು ಬಿಟ್ಟರು. ಬೀಜದ ತುದಿ ಬಾಣದಂತೆ ಚೂಪು; ಹಿಂದೆ ಮೊಣಕೈಯಂತೆ ಬಾಗಿದ ಕಂದು ಬಾಲ, ಹಗ್ಗದಂತೆ ಹೊಸೆದಿರುತ್ತದೆ. ನೀರು ತಾಗಿದ್ದೇ ಹೊಸೆತ ಬಿಚ್ಚಿಕೊಳ್ಳತೊಡಗಿತು. ಬಾಲ ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಸುತ್ತಿತು, ಚೂಪು ತುದಿ ಅವಳ ಚರ್ಮವನ್ನು ಒತ್ತಿತು. "ಅಯ್ಯೋ, ಕೊರೆಯುತ್ತಿದೆ!" ಎಂದು ಅವಳು ಕೈ ಕೊಡವಿದಳು. ಮಳೆ ಬಿದ್ದಾಗ ಹೀಗೆಯೇ ಸುತ್ತಿ ಸುತ್ತಿ ಮಣ್ಣಿನೊಳಗೆ ತನ್ನನ್ನು ತಾನೇ ನೆಟ್ಟುಕೊಳ್ಳುವ ಬೀಜ ಅದು. ಕುರಿಗಳ ಮೈಗೂ ಹೀಗೆ ಇಳಿಯುತ್ತದೆಂದು ಕುರಿಗಾಹಿಗಳು ಬೀಜ ಬಲಿತ ಹುಲ್ಲಿನಿಂದ ಮಂದೆಯನ್ನು ದೂರ ಇಡುತ್ತಾರಂತೆ.

ಇನ್ನೊಂದು ತಿರುವಿನಲ್ಲಿ ಸೊಂಟದೆತ್ತರದ ಪೊದೆಗಳು ಗುಡ್ಡದ ಮೈತುಂಬ ಇದ್ದವು. ಹೂವಿಲ್ಲ. ನಾನು ಎಲೆ ನೋಡಿ ಗುರುತು ಹಿಡಿದೆ: ನೀಲಕುರಿಂಜಿ. ಪಶ್ಚಿಮ ಘಟ್ಟದ ಹೂವೆಂದೇ ಹೆಸರಾದ ಇದು ಸಂಡೂರಿನ ಗುಡ್ಡಗಳಲ್ಲೂ ಇದೆ ಎಂದು ಓದಿದ್ದೆ. ನೋಡಿದ್ದು ಇದೇ ಮೊದಲು. ಹನ್ನೆರಡು ವರ್ಷ ಸುಮ್ಮನೆ ಬೆಳೆದು, ಒಂದೇ ಸಲ ಗುಡ್ಡಕ್ಕೆ ಗುಡ್ಡವೇ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡ. ಹೂವಿಲ್ಲದ ವರ್ಷಗಳಲ್ಲಿ ಅದು ಯಾರ ಕಣ್ಣಿಗೂ ಬೀಳದ ಪೊದೆ. ಯಂತ್ರ ಹರಿಸುವವನಿಗೆ ಅಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಹೂಬಿಟ್ಟ ವರ್ಷ ಮಾವ ಬೀಟ್ ತಿರುಗುತ್ತ ಇಡೀ ಇಳಿಜಾರು ನೀಲಿಯಾದದ್ದನ್ನು, ಜೇನುಹುಳಗಳ ಸದ್ದನ್ನು ನೆನೆದರು. ಊರಿನ ಹೆಸರು ಏನೆಂದು ಕೇಳಿದೆ. ಮಲೆನಾಡಿನವರು ಈ ಜಾತಿಯ ಗಿಡಗಳನ್ನು ಗುರಿಗೆ ಎನ್ನುತ್ತಾರೆ, ಇಲ್ಲಿ? ಮಾವನಿಗೆ ತಿಳಿದಿರಲಿಲ್ಲ.

ಕೆಳಗಿಳಿದಾಗ ರಸ್ತೆಬದಿಯಲ್ಲಿ ಲಂಬಾಣಿ ಅಜ್ಜಿಯೊಬ್ಬರು ಬುಟ್ಟಿ ತುಂಬ ಸೀತಾಫಲ ಇಟ್ಟುಕೊಂಡು ಕುಳಿತಿದ್ದರು. ಸೀತಾಫಲವೂ ಅಮೆರಿಕದಿಂದ ಬಂದದ್ದೇ. ಆದರೆ ಈ ಗುಡ್ಡಗಳಲ್ಲಿ ತಾನಾಗಿ ಬೆಳೆದು, ಮನುಷ್ಯರಿಗೂ ಕರಡಿಗೂ ಹಣ್ಣು ಕೊಟ್ಟು, ಯಾರ ಜಾಗವನ್ನೂ ಅಷ್ಟಾಗಿ ಕಸಿಯದೆ ಬಾಳುತ್ತಿದೆ. ಹೊರಗಿನಿಂದ ಬಂದ ಗಿಡವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಒಂದು ಡಜನ್ ಹಣ್ಣು ಕೊಂಡು, ಮೊಬೈಲ್‌ನಲ್ಲಿದ್ದ ಪೊದೆಯ ಚಿತ್ರ ತೋರಿಸಿದೆ. ಅಜ್ಜಿ ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. "ಮೇಲೆ ಗುಡ್ಡದಲ್ಲಿದೆಯಲ್ಲ, ಅದಾ?" ಎಂದು ಹೆಸರು ಹೇಳಿಯೇಬಿಟ್ಟರು. ಮಾವನೂ ಮೊದಲ ಸಲ ಕೇಳಿದ ಹೆಸರು ಅದು. ಖುಷಿಯಿಂದ ಇಂಕ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದುಕೊಂಡೆ.

ಊರಿಗೆ ಮರಳುವ ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗುಡ್ಡಗಳು ಕಂಡವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಾನು ಕಾಲೇಜಿನಲ್ಲಿದ್ದೆ. 2013ರ ಏಪ್ರಿಲ್‌ನ ತೀರ್ಪು, ಅಕ್ರಮದ ಪ್ರಮಾಣ ನೋಡಿ ಮಾಡಿದ ಗಣಿಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ, ಕೆಟ್ಟ ನೆಲವನ್ನು ಸರಿಪಡಿಸುವ ಷರತ್ತಿನ ಮೇಲೆ ಎ, ಬಿ ಗಣಿಗಳಲ್ಲಿ ಕೆಲಸ ಮತ್ತೆ ಶುರುವಾಗಲು ಬಿಟ್ಟಿತು. ದಾರಿಯಲ್ಲಿ ಕಂಡ ಒಂದು ಮಣ್ಣಿನ ರಾಶಿಯ ಮೇಲೆ ಹಸಿರು ಬಂದಿದೆ, ನಿಜ. ಆದರೆ ಹತ್ತಿರ ಹೋಗಿ ನೋಡಿದರೆ ಬಹುಪಾಲು ಒಂದೇ ಅಳತೆಯ ಅಕೇಶಿಯಾ ಸಾಲು. ಅದರ ಕೆಳಗೆ ಸೂಜಿ ಹುಲ್ಲಿಲ್ಲ, ಕವಳಿಯಿಲ್ಲ. ದಿಂಡಿಗ, ತುಗ್ಗಲಿಗಳ ಬೀಜ ಅದೇ ಗುಡ್ಡದ ಪಕ್ಕದಲ್ಲೇ ಉದುರಿ ಬಿದ್ದಿರುತ್ತದೆ. ಆರಿಸಿ, ಸಸಿ ಮಾಡಿ, ನೆಡುವುದು ನಿಧಾನದ ಕೆಲಸ. ಆ ನಿಧಾನಕ್ಕೆ ಹಣ ಹಾಕಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮಧ್ಯಾಹ್ನ ದರೋಜಿ ಕರಡಿಧಾಮ. 1994ರಲ್ಲಿ ಘೋಷಣೆಯಾದ ಇಲ್ಲಿ ವೀಕ್ಷಣಾ ಗೋಪುರಕ್ಕೆ ಎರಡು ಗಂಟೆಯ ನಂತರ ಹೋದರೆ ಸರಿ. ಬೆಳಿಗ್ಗೆ ಹೋಗಿ ಕಾಯುವುದು ವ್ಯರ್ಥ. ಬಂಡೆಯ ಮೇಲೆ ಎರಡು ಮರಿಗಳೊಂದಿಗೆ ತಾಯಿ ಕರಡಿ ಬಂತು. ಎಲ್ಲರ ಕ್ಯಾಮೆರಾಗಳೂ ಎದ್ದವು. ನನ್ನ ಕಣ್ಣು ಗೋಪುರದ ಬುಡದ ಪೊದೆಗಳ ಮೇಲಿತ್ತು. ಕಾವಲುಗಾರ ಹುಡುಗ ಇದನ್ನು ಗಮನಿಸಿ ಇಳಿದು ಬಂದ. "ಇದು ಜಾನೆ, ಅಕ್ಕ. ಅದು ಉಲುಪಿ. ಅಲ್ಲಿರುವುದು ಕವಳಿ. ಕರಡಿಗೆ ಇವು ಬೇಕು, ಇವಕ್ಕೂ ಕರಡಿ ಬೇಕು" ಎಂದ. ಹೇಗೆಂದು ಕೇಳಿದ್ದಕ್ಕೆ ದಾರಿಬದಿಯಲ್ಲಿ ಒಣಗಿದ್ದ ಕರಡಿಯ ಮಲವನ್ನು ಕಡ್ಡಿಯಿಂದ ಬಿಡಿಸಿ ತೋರಿಸಿದ. ಒಳಗೆ ಬೋರೆ ಬೀಜ, ಜಾನೆ ಬೀಜ, ಗೆದ್ದಲಿನ ತಲೆಗಳು. ಈ ಕಾಡನ್ನು ಬಿತ್ತುವುದು ಕರಡಿಯೇ ಎಂದು ಅವನು ನಂಬಿದ್ದಾನೆ. ಆ ಬೀಜಗಳನ್ನು ಕಂಡ ಮೇಲೆ ನಾನೂ ನಂಬಿದೆ.

ಮೂರನೆಯ ದಿನ: ಅಂಜನಾದ್ರಿ, ಕಿನ್ನಾಳ

ಕಂಪ್ಲಿಯಲ್ಲಿ ಮಾವನನ್ನು ಬಸ್ಸಿಗೆ ಹತ್ತಿಸಿ, ತುಂಗಭದ್ರೆಯನ್ನು ದಾಟಿ ಗಂಗಾವತಿಯ ಕಡೆ ಹೊರಟೆವು. ಕಾಲುವೆ ನೀರು ಹರಿದಲ್ಲೆಲ್ಲ ಭತ್ತ. ಕಣ್ಣು ಹರಿದಷ್ಟೂ ಅದೊಂದೇ ಹಸಿರು. ಇಷ್ಟು ಸಮೃದ್ಧ ನೆಲದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಲು ಒಂದು ಗಂಟೆ ಏನೂ ಸಿಗಲಿಲ್ಲ.

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವಾಗ ಕೈಯಲ್ಲಿ ತಿನಿಸು ಹಿಡಿಯಬಾರದು, ಕೋತಿಗಳು ಬಿಡುವುದಿಲ್ಲ. ಕೆಳಗೆ ಒಬ್ಬರು ಒಣಗಿ ಮುಷ್ಟಿಯಂತೆ ಮುದುಡಿದ ಗಿಡಗಳನ್ನು ನೀರಿನ ಬಟ್ಟಲಲ್ಲಿಟ್ಟು ಅರಳಿಸಿ, ಸಂಜೀವಿನಿ ಎಂದು ಮಾರುತ್ತಿದ್ದರು. ಹನುಮ ಹುಟ್ಟಿದನೆಂದು ನಂಬುವ ಬೆಟ್ಟದ ಬುಡದಲ್ಲಿ ಆ ಹೆಸರಿಗೆ ಬೆಲೆ ಬೇಗ ಸಿಗುತ್ತದೆ. ಕೊಂಡವರ ಮನೆಯಲ್ಲಿ ಅದು ನಾಲ್ಕು ದಿನದ ಆಟ. ಯಾವುದೋ ಬಂಡೆ ಮಾತ್ರ ಬೋಳಾಯಿತು. ನಾವು ಕೊಳ್ಳಲಿಲ್ಲ.

ಅರ್ಧ ದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ಕುಳಿತಲ್ಲಿ, ಎರಡು ಬಂಡೆಗಳ ನಡುವಿನ ಬೆರಳಗಲದ ಬಿರುಕಿನಲ್ಲಿ ಮಯೂರಶಿಖೆ ಕಂಡಿತು. ನನ್ನ ಹೆಬ್ಬೆರಳಿಗಿಂತ ತುಸು ಎತ್ತರದ ಜರಿಗಿಡ. ತಾಳೆ ಮರವನ್ನು ಗೊಂಬೆಮನೆಗೆಂದು ಕಿರಿದುಮಾಡಿದಂತೆ ಒಂದೊಂದು ಕಡ್ಡಿಯ ತುದಿಯಲ್ಲೂ ಬೀಸಣಿಗೆಯಾಕಾರದ ಎಲೆ. ಬೀಸಣಿಗೆಯ ಒಂದೊಂದು ಎಳೆಯನ್ನೂ ಮಗುಚಿ ನೋಡಿದರೆ ಅಂಚಿನುದ್ದಕ್ಕೂ ಕಂದು ಬೀಜಕಗಳ ಗೆರೆ. ಬೇಸಿಗೆಯಲ್ಲಿ ಈ ಬಂಡೆ ಕೈಯಿಡಲಾರದಷ್ಟು ಕಾಯುತ್ತದೆ. ಆಗ ಮುದುಡಿ ಸತ್ತಂತೆ ಬಿದ್ದಿದ್ದು, ಮಳೆಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಬಟ್ಟಲಿನಲ್ಲಿ ಮಾರಿದ ಅದ್ಭುತವೇ ಇಲ್ಲಿ ಬಂಡೆಯ ಬಿರುಕಿನಲ್ಲಿ, ಯಾರೂ ತೋರಿಸದೆ ನಡೆಯುತ್ತಿದೆ. ಇನ್ನೂರು ಜನ ನಮ್ಮ ಪಕ್ಕದಲ್ಲೇ ಹತ್ತಿ ಹೋದರು. ಬಿರುಕು ಯಾವ ಮೆಟ್ಟಿಲ ಬಳಿ ಇದೆಯೆಂದು ಇಲ್ಲಿ ಬರೆಯುವುದಿಲ್ಲ. ಅಪರೂಪದ ಗಿಡದ ಜಾಗವನ್ನು ಮೊಬೈಲ್‌ನಲ್ಲಿ ಹಂಚುವವರೂ ದಯವಿಟ್ಟು ಇಷ್ಟು ಎಚ್ಚರ ವಹಿಸಬೇಕು.

ಮೇಲೆ ತಲುಪುವಷ್ಟರಲ್ಲಿ ಹಂಪಿಯ ಕಡೆಯಿಂದ ಕಪ್ಪು ಮೋಡ ಎದ್ದು ಬಂತು. ಐದೇ ನಿಮಿಷದಲ್ಲಿ ಕೊಡದಿಂದ ಸುರಿದಂತೆ ಮಳೆ. ಮೊಬೈಲ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಉಳಿಸಿಕೊಂಡೆವು. ನೋಟ್‌ಬುಕ್ಕು ಹೆಗಲ ಚೀಲದ ಹೊರಜೇಬಿನಲ್ಲಿತ್ತು. ಕೆಳಗಿಳಿದು ಕಾರಿನಲ್ಲಿ ತೆರೆದಾಗ ಎರಡು ದಿನದ ಹಾಳೆಗಳು ನೀಲಿ ಕೆರೆಗಳಾಗಿದ್ದವು. ಗೆಳತಿ ಪೆನ್ಸಿಲ್‌ನಲ್ಲಿ ಬರೆದ ಕಡೆ ಒಂದಕ್ಷರವೂ ಅಳಿಸಿರಲಿಲ್ಲ. ದಿಂಡಿಗ, ಹುರಗಲು, ಜಾನೆ ನೆನಪಿನಲ್ಲಿದ್ದವು. ಸೀತಾಫಲದ ಅಜ್ಜಿ ಹೇಳಿದ ಹೆಸರಿನಲ್ಲಿ ಮೊದಲ ಅಕ್ಷರವಷ್ಟೇ ಉಳಿದಿತ್ತು. ನಾವಿಬ್ಬರೂ ಎಷ್ಟು ತಿಣುಕಿದರೂ ಉಳಿದದ್ದು ನಾಲಿಗೆಗೆ ಬರಲಿಲ್ಲ. ಮಾವನಿಗೆ ಫೋನ್ ಮಾಡಿದೆ. "ನೀನು ಬರೆದುಕೊಂಡೆಯಲ್ಲ ಅವ್ವ, ಅದಕ್ಕೇ ನಾನು ನೆನಪಿಟ್ಟುಕೊಳ್ಳಲಿಲ್ಲ" ಎಂದರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಸಂಜೆಗೆ ಕಿನ್ನಾಳ ತಲುಪಿದೆವು. ಕೊಪ್ಪಳದಿಂದ ದೂರವಿಲ್ಲ. ಈ ಊರಿನ ಮರದ ಬೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಚಿತ್ರಗಾರರ ಮನೆಯೊಂದರಲ್ಲಿ ಹಿರಿಯರು ಹುಣಸೆಬೀಜದ ಅಂಟಿಗೆ ಮರದ ಹೊಟ್ಟು, ಸೆಣಬಿನ ಪುಡಿ ಕಲಸಿ ಕಿಟ್ಟ ಮಾಡುತ್ತಿದ್ದರು. ಮೂಲೆಯಲ್ಲಿದ್ದ ತುಂಡೊಂದನ್ನು ನನ್ನ ಕೈಗೆ ಹಾಕಿದರು. ಭಾರಕ್ಕೆ ಸಿದ್ಧವಾಗಿದ್ದ ಕೈ ಹಾಗೆಯೇ ಮೇಲೆದ್ದಿತು, ಅಷ್ಟು ಹಗುರ. "ಪೊಳಕಿ. ಉಳಿ ಹೇಳಿದಂತೆ ಕೇಳುವ ಮರ ಇದೊಂದೇ" ಎಂದರು. ಅಪ್ಪನ ಕಾಲದಲ್ಲಿ ಸುತ್ತಲ ಗುಡ್ಡದಲ್ಲೇ ಸಿಗುತ್ತಿತ್ತು, ಈಗ ದೂರದಿಂದ ತರಿಸಬೇಕು, ಕೆಲವು ಸಲ ಬೇರೆ ಮರದಲ್ಲೇ ಮಾಡಬೇಕಾಗುತ್ತದೆ ಎಂದರು. ಮನೆಯ ಹಿಂದೆ ಎರಡು ಸಸಿ ಹಾಕಿದ್ದಾರೆ. ಮೊಮ್ಮಗಳು ಟಾರ್ಚ್ ಹಿಡಿದು ತೋರಿಸಿದಳು. ಮೊಣಕಾಲೆತ್ತರ ಬಂದಿವೆ, ಸುತ್ತ ಜಾಲಿ ಮುಳ್ಳಿನ ಬೇಲಿ. ನಾನು ಗರುಡನ ಬೊಂಬೆಯೊಂದನ್ನು ಕೊಂಡೆ.

ನಾಲ್ಕನೆಯ ದಿನ: ಮುದಗಲ್ಲಿನ ದಾರಿ, ಮಸ್ಕಿ

ಕೊಪ್ಪಳದ ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನ ನೋಡಿ, ಕುಷ್ಟಗಿ, ತಾವರಗೇರಾ ದಾಟಿ ಮುದಗಲ್ಲಿನ ಕಡೆ ಹೊರಟೆವು. ಈ ದಾರಿಯನ್ನು ಯಾರೂ ಹೊಗಳಿದ್ದು ಕೇಳಿಲ್ಲ, ನನಗೆ ನಾಲ್ಕೂ ದಿನಗಳಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಒಂದು ಕಡೆ ಎರೆಹೊಲದಲ್ಲಿ ತೊಗರಿ ಹಳದಿ ಹೂ ಬಿಡಲು ಶುರುಮಾಡಿತ್ತು. ಇನ್ನೊಂದು ಕಡೆ ಗುಂಡುಬಂಡೆಗಳ ದಿಬ್ಬ, ನಡುನಡುವೆ ತಂಗಡಿ. ಆಕಾಶ ದೊಡ್ಡದು.

ಒಂದು ದಿಬ್ಬದ ಬಳಿ ಇಳಿದು ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಅಟ್ಟೆಯನ್ನು ತೂರಿಕೊಂಡು ಜಾಲಿ ಮುಳ್ಳು ನನ್ನ ಹಿಮ್ಮಡಿಗೆ ಇಳಿಯಿತು. ದಪ್ಪ ಅಟ್ಟೆಯ ಬೂಟು ಕಾರಿನಲ್ಲಿತ್ತು. ಸೆಕೆಗೆ ಬೇಸತ್ತು ಅಂದು ಚಪ್ಪಲಿ ಹಾಕಿದ್ದೆ. ಕುಂಟುತ್ತ ಕುಳಿತದ್ದನ್ನು ನೋಡಿ ಕುರಿಗಾಹಿ ಅಜ್ಜರೊಬ್ಬರು ಬಂದರು. ಸೊಂಟದ ಉಡಿದಾರದಲ್ಲಿ ಚಿಮಟ ತೂಗುತ್ತಿತ್ತು. "ಕಾಲು ಚಾಚು ತಂಗಿ" ಎಂದು ಹೇಳಿ, ಸುತ್ತಲಿನ ಚರ್ಮವನ್ನು ಒತ್ತಿ ಹಿಡಿದು ಒಂದೇ ಎಳೆತಕ್ಕೆ ತೆಗೆದರು. ಆಮೇಲೆ ಪಕ್ಕದ ಎಕ್ಕದ ಎಲೆ ಮುರಿದು ಹಾಲು ಹಚ್ಚಲು ಬಂದರು. ಗಾಯಕ್ಕೆ ಅದು ಉರಿ ಎಂದು ನಾನು ಬೇಡವೆಂದೆ.

"ಬರೆದುಕೊಳ್ಳುವವರಾ?" ಎಂದರು ನನ್ನ ಹೊಸ ನೋಟ್‌ಬುಕ್ಕು ನೋಡಿ. ಗಿಡದ ಹೆಸರು ಕೇಳುತ್ತ ಬಂದಿದ್ದೇವೆ ಎಂದೆ. ಅವರು ನಕ್ಕು, ನಾನು ಕುಳಿತಿದ್ದ ಬಂಡೆಯ ಹಿಂದೆ, ಜಾಲಿಯ ನೆರಳಿನಂಚಿನಲ್ಲಿ, ಕೋಲಿನಿಂದ ಹುಲ್ಲು ಸರಿಸಿದರು. ಎಲೆಯೇ ಇಲ್ಲದ, ನಾಲ್ಕು ಮೂಲೆಯ ಹಸಿರು ಕಾಂಡಗಳು ಬೆರಳುಗಳಂತೆ ಎದ್ದಿದ್ದವು. ಕ್ಯಾರಲ್ಲುಮ! ತುದಿಯಲ್ಲಿ ಹೂ ತಲೆಕೆಳಗಾಗಿ ತೂಗುತ್ತಿದ್ದವು. ಮಂಡಿಯೂರಿ ಲೆನ್ಸ್ ಹಿಡಿದೆ. ಉಗುರಗಲದ ನಕ್ಷತ್ರ, ಕಂದುನೇರಳೆ ದಳಗಳು, ದಳದ ಅಂಚಿಗೆ ರೆಪ್ಪೆಯಂತೆ ಕೂದಲು. ಗಾಳಿ ಬೀಸಿದರೆ ಕೂದಲು ನಡುಗುತ್ತಿತ್ತು. ನೊಣವೊಂದು ಬಂದು ಕುಳಿತು ಎದ್ದು ಮತ್ತೆ ಕುಳಿತಿತು. ಅಜ್ಜರ ಹೆಂಡತಿ ಗದ್ವಾಲದ ಕಡೆಯವರು. ಅವರು ಇದಕ್ಕೆ ತೆಲುಗಿನಲ್ಲಿ ಕುಂದೇಟಿ ಕೊಮ್ಮುಲು ಎನ್ನುತ್ತಾರಂತೆ, ಎಂದರೆ ಮೊಲದ ಕೋಡು. "ಮೊಲಕ್ಕೆಲ್ಲಿಯ ಕೋಡು?" ಎಂದು ಗೆಳತಿ ಕೇಳಿದಳು. "ಹೊಲಕ್ಕೆ ಬರುವ ಮೊಲದ ತಲೆಯ ಮೇಲಲ್ಲ, ನೆಲದ ಮೇಲೆ ಬೆಳೆಯುತ್ತದೆ" ಎಂದರು ಅಜ್ಜ. ಬರಗಾಲದಲ್ಲಿ ಇದನ್ನೇ ಮೆಲ್ಲುತ್ತ ದಿನ ಕಳೆಯುತ್ತಿದ್ದರಂತೆ, ಹಸಿವು ಅಡಗಿಸುತ್ತದೆ. ಹಸಿವು ಅಡಗಿಸುವ ಗುಣಕ್ಕಾಗಿಯೇ ಈಗ ಇದರ ಸಾರವನ್ನು ಮೈ ಇಳಿಸುವವರಿಗೆ ಮಾರುತ್ತಾರೆ. ಬಡವರ ಬರದ ಊಟ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಯೋಚಿಸಿದರೆ ಸಂಕಟವಾಗುತ್ತದೆ. ಅಜ್ಜ ಒಂದು ತುಂಡು ಮುರಿದು ನಮಗೆ ಕೊಟ್ಟು ತಾವೂ ಕಡಿದರು. ಹುಳಿಗಹಿ. ಉಳಿದದ್ದರ ಮೇಲೆ ಹುಲ್ಲನ್ನು ಮೊದಲಿನಂತೆ ಮುಚ್ಚಿದರು.

ಮಸ್ಕಿಗೆ ಮುಂಚೆ ಒಂದು ಹಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ತಟ್ಟೆಯ ಅಂಚಿನಲ್ಲಿ ತೊಳೆದಿಟ್ಟ ಹಸಿ ಹತ್ತರಕಿ ಸೊಪ್ಪು. ಯಾರೂ ಬಿತ್ತುವುದಿಲ್ಲ, ಮಳೆಯ ನಂತರ ಹೊಲದಲ್ಲಿ ತಾನಾಗಿ ಹುಟ್ಟುತ್ತದೆ. ಮೊಸರಿನೊಂದಿಗೆ ನಂಚಿಕೊಂಡರೆ ಸಣ್ಣ ಕಹಿ, ಆಮೇಲೆ ತಂಪು. ಬಡಿಸುತ್ತಿದ್ದ ಅಮ್ಮ, "ಕಳೆನಾಶಕ ಹೊಡೆದ ಹೊಲದಲ್ಲಿ ಇದು ಬರುವುದಿಲ್ಲ ಅಕ್ಕ. ಹೊಡೆಯದವರ ಹೊಲ ಯಾವುದೆಂದು ತಿಳಿದುಕೊಂಡೇ ಕೀಳಬೇಕು" ಎಂದರು. ಆ ಊರಲ್ಲಿ ಅಂಥ ಹೊಲ ಎಷ್ಟಿವೆ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು, ಒಂದು ಕೈ ಸಾಕಾಯಿತು.

ಮಸ್ಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಈ ಬಂಡೆಯಿಂದಲೇ, ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾಯಿತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬಿರುದಿತ್ತು, ಹೆಸರಿರಲಿಲ್ಲ. ಗೆಳತಿ ಅಕ್ಷರಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು. ಇದೇ ರಾಜ ತನ್ನ ಎರಡನೆಯ ಶಿಲಾಶಾಸನದಲ್ಲಿ, ಔಷಧಿಯ ಗಿಡಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆನೆಂದು ಬರೆಸಿದ್ದಾನೆ. ಬಂಡೆಯ ಪಕ್ಕದ ಬಿರುಕಿನಲ್ಲಿ ಏನಾದರೂ ಇದೆಯೇ ಎಂದು ನಾನು ಬಗ್ಗಿ ನೋಡಿದೆ. ಹುಲ್ಲಿನ ಒಂದು ಎಳೆ ಇತ್ತು, ಹೆಸರು ಗೊತ್ತಾಗಲಿಲ್ಲ. ಪೆನ್ಸಿಲ್‌ನಲ್ಲಿ ಚಿತ್ರ ಬರೆದುಕೊಂಡೆ.

ರಜೆ ಮುಗಿದು ತರಗತಿಗೆ ಹೋದ ದಿನ ಆ ಹುಡುಗಿಗೆ ಪಟ್ಟಿಯನ್ನು ಕೊಟ್ಟೆ, ಇಪ್ಪತ್ಮೂರು ಹೆಸರು. ನೀಲಕುರಿಂಜಿಯ ಮುಂದೆ ಒಂದು ಅಕ್ಷರ ಬರೆದು ಜಾಗ ಬಿಟ್ಟಿದ್ದೆ. "ಇದೇಕೆ ಹೀಗೆ ಮೇಡಂ?" ಎಂದಳು. ನಡೆದದ್ದನ್ನು ಹೇಳಿದೆ. ಮಾವ ಎರಡು ವಾರ ಸಂಡೂರಿನ ಸಂತೆಗೆ ಹೋಗಿ ಆ ಅಜ್ಜಿಯನ್ನು ಹುಡುಕಿದರು. ಮೊನ್ನೆ ಫೋನ್ ಮಾಡಿದ್ದರು. ಸೀತಾಫಲದ ಕಾಲ ಮುಗಿಯಿತಂತೆ, ತಾಂಡಾದವರು ಕಬ್ಬು ಕಡಿಯಲು ದೂರ ಹೋಗಿದ್ದಾರಂತೆ. ಬರುವ ವರ್ಷ ಹಣ್ಣು ಬಂದಾಗ ಅಜ್ಜಿಯೂ ಬರುತ್ತಾರೆ ಎಂದರು ಮಾವ.